ಗುಟ್ಟಾಗಿ ಮಾತ್ರೆ ಹಾಕಬಹುದೇ?



ಭಾನುವಾರ ವಂದನೆ ಮುಗಿದ ಮೇಲೆ ಹೊಸನಗರ ಕಡೆಯ ತಂಗಿಯೊಬ್ಬಳು ಕೇಳಿದಳು: "ಅಣ್ಣಾ, ಕುಡಿತ ಬಿಡಿಸೋ ಮಾತ್ರೆ ಸಾರಲ್ಲಿ ಹಾಕಿದ್ರೆ ಗಂಡನಿಗೆ ಗೊತ್ತೇ ಆಗಲ್ವಂತೆ. ಹಾಕ್ಲಾ? ನಾಲ್ಕನೇ ಶೀಲ ಮುರಿದಂಗಾಗುತ್ತಾ?"

ಸಾಗರ, ತೀರ್ಥಹಳ್ಳಿಯ ಎಷ್ಟೋ ಮನೆಗಳಲ್ಲಿ ಬಾಯಿಗೆ ಬಾರದೆ ಉಳಿದಿರುವ ಪ್ರಶ್ನೆ ಇದು.

ಮೊದಲು ಅವನಿಗೆ ಆಗಿರುವುದೇನು ಎಂದು ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಪಟ್ಟಿ 6 ಲಕ್ಷಣ ಹೇಳುತ್ತದೆ: ಕುಡಿಯಲೇಬೇಕೆಂಬ ತುಡಿತ, ಶುರು ಮಾಡಿದರೆ ನಿಲ್ಲಿಸಲಾಗದಿರುವುದು, ಬಿಟ್ಟರೆ ನಡುಕ, ಮೊದಲಿನಷ್ಟು ಸಾಲದಿರುವುದು, ಬೇರೆ ಕೆಲಸ ಸಂತೋಷ ಬೇಡವಾಗುವುದು, ಹಾನಿ ಗೊತ್ತಿದ್ದೂ ಕುಡಿಯುವುದು. ಒಂದು ವರ್ಷದಲ್ಲಿ ಇವುಗಳಲ್ಲಿ 3 ಒಟ್ಟಿಗೆ ಕಂಡರೆ ಅದು ಅವಲಂಬನೆ. ಬೆಳಿಗ್ಗೆ ಅಡಿಕೆ ಸುಲಿಯಲು ಕೂತರೆ ಕೈ ನಡುಗಿ, ಕ್ವಾರ್ಟರ್ ಬಿದ್ದ ಮೇಲೆ ನಡುಕ ನಿಂತರೆ, ಅದನ್ನು ಕೊಬ್ಬು ಎನ್ನಬೇಡಿ. ಅದು ಕಾಯಿಲೆ.

"22 ಪ್ರತಿಜ್ಞೆ ತಗೊಂಡವನು ಹೀಗೆ ಮಾಡಬಹುದಾ?" ಎನ್ನುತ್ತೇವೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ ಪ್ರತಿಜ್ಞೆಗಳಲ್ಲಿ ಮದ್ಯ ಮುಟ್ಟೆನೆಂಬುದೂ ಇದೆ, ನಿಜ. ಆದರೆ ಶೀಲವೆಂದರೆ ಶಿಕ್ಷಾಪದ, ಅಂದರೆ ಕಲಿಕೆಯ ಹೆಜ್ಜೆ. ಎಡವಿದವನನ್ನು ಹೊರಗಿಡಲು ಹಾಕಿದ ಬೇಲಿಯಲ್ಲ.

ಈಗ ಮಾತ್ರೆಯ ಮಾತು. ಉದ್ದೇಶ ಒಳ್ಳೆಯದಿದ್ದರೆ ಸಾಕಲ್ಲವೇ ಎಂದು ಕೇಳಬಹುದು. ಬಾಬಾಸಾಹೇಬರು ಕರುಣೆಯೊಂದನ್ನೇ ಹೇಳಲಿಲ್ಲ. ಪ್ರಜ್ಞೆ, ಕರುಣೆ, ಸಮತೆ ಮೂರನ್ನೂ ಜೊತೆಗಿಟ್ಟರು.

ತಂಗಿಯಲ್ಲಿ ಕರುಣೆ ಇದೆ. ಪ್ರಜ್ಞೆ ಹೇಳುವುದೇನು? ಡೈಸಲ್ಫಿರಾಮ್ ಎಂಬ ಮಾತ್ರೆ ಹೊಟ್ಟೆಯಲ್ಲಿದ್ದಾಗ ಕುಡಿದರೆ ವಾಂತಿ, ಎದೆಬಡಿತ, ಬಿಪಿ ಕುಸಿತ. ಜೀವಕ್ಕೇ ಕುತ್ತು ಬರಬಹುದು. ತಿಳಿಯದೆ ತಿಂದವನು ಕುಡಿಯದೆ ಇರುತ್ತಾನೆಯೇ? ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಗೇ ಬಿಡಿಸುವುದೂ ಅಷ್ಟೇ ಅಪಾಯ. ಎರಡು ಮೂರು ದಿನದಲ್ಲಿ ಫಿಟ್ಸ್, ಭ್ರಮೆ ಬರಬಹುದು. ಹಾಗಾದರೆ ತಡಮಾಡದೆ 108ಕ್ಕೆ ಕರೆ ಮಾಡಿ.

ಇನ್ನು ಸಮತೆ. ನಮ್ಮನ್ನು ಕೇಳದೆ ನಮ್ಮ ಬಾಳನ್ನು ಬೇರೆಯವರು ತೀರ್ಮಾನಿಸಿದಾಗ ಹೇಗಿರುತ್ತದೆಂದು ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಕುಡಿದು ಬಿದ್ದವನೂ ಮನುಷ್ಯನೇ. ಗುಟ್ಟು ಬಯಲಾದ ದಿನ ಅವನು ಹೆಂಡತಿ ಬಡಿಸಿದ ಅನ್ನವನ್ನೂ ನಂಬುವುದಿಲ್ಲ. ಮುಂದೆ ಆಸ್ಪತ್ರೆಗೆ ಕರೆದರೆ ಬರುವುದು ಆ ನಂಬಿಕೆಯ ಮೇಲೆಯೇ.

"ಹೇಳಿದ್ರೆ ಹೊಡೀತಾನಲ್ಲ ಅಣ್ಣಾ" ಎಂದಳು. ಅವಳ ಮಾತು ದೊಡ್ಡದು. ಸತ್ಯ ಹೇಳುವುದೆಂದರೆ ಏಟು ತಿನ್ನುವುದಲ್ಲ. ಕುಡಿದಾಗ ವಾದ ಬೇಡ. ಅಮಲಿಳಿದ ಹೊತ್ತಿನಲ್ಲಿ, ಅವನು ಗೌರವಿಸುವ ಒಬ್ಬರನ್ನು ಕೂರಿಸಿಕೊಂಡು ಹೇಳಬೇಕು. ಹೊಡೆತವಿದ್ದರೆ ಅವಳ ಮತ್ತು ಮಕ್ಕಳ ರಕ್ಷಣೆ ಮೊದಲು: 181 ಅಥವಾ 112. ಅವನು ಬರಲೊಪ್ಪದಿದ್ದರೆ ಅವಳೊಬ್ಬಳೇ ವೈದ್ಯರನ್ನು ಕಂಡು ಸಲಹೆ ಕೇಳಬಹುದು, ಅದು ಮೋಸವಲ್ಲ.

ಟೆಲಿ ಮಾನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446. ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಶಿವಮೊಗ್ಗದ ಮೆಗ್ಗಾನ್‌ನಲ್ಲಿ ಮನೋರೋಗ ವಿಭಾಗವಿದೆ; ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಬೇರೆ ಕೇಂದ್ರವಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಮದ್ಯವ್ಯಸನವೂ ಸೇರಿದೆ. ಚಿಕಿತ್ಸೆ ಹಕ್ಕು, ಭಿಕ್ಷೆಯಲ್ಲ.

ಒಮ್ಮೆ ಬಿಟ್ಟು ಮತ್ತೆ ಕುಡಿದರೂ ಬಾಗಿಲು ಮುಚ್ಚಬೇಡಿ. ಈ ಭಾನುವಾರ ಅಂಥವರೊಬ್ಬರು ವಂದನೆಗೆ ಬಂದರೆ ಪಕ್ಕದಲ್ಲಿ ಜಾಗ ಕೊಡಿ. ಆಸ್ಪತ್ರೆಗೆ ಹೊರಟ ತಂಗಿಯ ಜೊತೆ ಬಸ್ ಹತ್ತಲು ನಮ್ಮಲ್ಲೊಬ್ಬರು ಸಿದ್ಧರಿರಲಿ.

ಸಾಧು, ಸಾಧು, ಸಾಧು.