ರೋಜಾ ಮತ್ತು ತೂಕದ ಲೆಕ್ಕ

ರಮಝಾನ್ ಹತ್ತಿರವಾದಂತೆ ಈಗ ಎರಡು ಬಗೆಯ ಸಲಹೆಗಳು ಕೇಳಿಬರುತ್ತವೆ. ಈ ತಿಂಗಳನ್ನು ಪ್ರಾರ್ಥನೆ, ದಾನಗಳಲ್ಲಿ ಕಳೆಯಿರಿ ಎಂಬುದು ಹಳೆಯದು. ಈ ತಿಂಗಳಲ್ಲಿ ಇಷ್ಟು ಕಿಲೋ ಇಳಿಸಿಕೊಳ್ಳಿ ಎಂಬುದು ಹೊಸದು. ಎರಡನೆಯದನ್ನು ಹೇಳುವವರ ಬಳಿ ವಿಜ್ಞಾನದ ಮಾತೂ ಇರುತ್ತದೆ: ಹದಿನಾರು ಗಂಟೆ ಉಪವಾಸ, ಎಂಟು ಗಂಟೆಯೊಳಗೆ ಊಟ, ಜತೆಗೆ 2016ರಲ್ಲಿ ನೊಬೆಲ್ ಪಡೆದ ಜಪಾನಿನ ಯೋಶಿನೋರಿ ಓಸುಮಿ ಅವರ ಸಂಶೋಧನೆ. ಓಸುಮಿ ಅವರ ಮುಖ್ಯ ಪ್ರಯೋಗಗಳು ನಡೆದದ್ದು ಯೀಸ್ಟ್ ಕೋಶಗಳ ಮೇಲೆ, ರೋಜಾ ಹಿಡಿದವರ ಮೇಲಲ್ಲ ಎಂಬುದನ್ನು ಮಾತ್ರ ಅವರು ಹೇಳುವುದು ಕಡಿಮೆ.

ಇಲ್ಲೊಂದು ನೈತಿಕ ಪ್ರಶ್ನೆ ಇದೆ. ಬೆಳಗಿನ ಜಾವದಿಂದ ಸೂರ್ಯಾಸ್ತದವರೆಗೆ ಇಬ್ಬರು ಅನ್ನ ನೀರು ಬಿಟ್ಟರು ಎನ್ನೋಣ. ಒಬ್ಬರು ದೇವರಿಗಾಗಿ, ಇನ್ನೊಬ್ಬರು ಸೊಂಟದ ಸುತ್ತಳತೆಗಾಗಿ. ಮೈಯೊಳಗೆ ನಡೆಯುವುದು ಒಂದೇ. ಹಾಗಾದರೆ ಇಬ್ಬರೂ ಮಾಡಿದ್ದು ಒಂದೇ ಕೆಲಸವೇ?

ಇಸ್ಲಾಮಿಗೆ ಇದು ಹೊಸ ಪ್ರಶ್ನೆಯಲ್ಲ. ಬುಖಾರಿಯ ಹದೀಸ್ ಸಂಗ್ರಹ ಆರಂಭವಾಗುವುದೇ ಕರ್ಮದ ಬೆಲೆ ಸಂಕಲ್ಪದಲ್ಲಿದೆ ಎಂಬರ್ಥದ ಮಾತಿನಿಂದ. ಆ ಸಂಕಲ್ಪಕ್ಕೆ ಅರಬಿಯಲ್ಲಿ ನಿಯ್ಯತ್ ಎನ್ನುತ್ತಾರೆ. ಕನ್ನಡಕ್ಕೆ ಬಂದ ಅದೇ ಪದ ನಿಯತ್ತು ಎಂದಾಗಿ, ಪ್ರಾಮಾಣಿಕತೆ ಎಂಬ ಅರ್ಥ ಪಡೆಯಿತು. ಹದಿನೈದನೇ ಶತಮಾನದ ಈಜಿಪ್ಟಿನ ವಿದ್ವಾಂಸ ಸುಯೂತಿ, ಉಪವಾಸದ ಸಂಕಲ್ಪದ ಜತೆಗೆ ಪಥ್ಯದ ಉದ್ದೇಶವೂ ಸೇರಿದರೆ ಆ ಉಪವಾಸ ಸಿಂಧುವೇ ಎಂಬ ಪ್ರಶ್ನೆಯನ್ನು ಎತ್ತಿ, ಅದರಲ್ಲಿ ಭಿನ್ನಾಭಿಪ್ರಾಯ ಇರುವುದನ್ನು ದಾಖಲಿಸಿದ್ದಾರೆ. ಅಂದರೆ ಧರ್ಮವು ದೇಹವನ್ನು ಕಂಡು ಗಾಬರಿಯಾಗಿಲ್ಲ. ರೋಜಾ ಇದ್ದವರ ತೂಕ ತಾನಾಗಿ ಇಳಿದರೆ ಅದರಲ್ಲಿ ಪಾಪವೇನೂ ಇಲ್ಲ. ತೊಡಕು ಬರುವುದು ಫಲವೇ ಗುರಿಯಾಗಿ ಕುಳಿತಾಗ.

ಇನ್ನೊಂದು ಬದಿಯನ್ನೂ ನೋಡಬೇಕು. ದೇವರ ಹೆಸರಿನ ಉಪವಾಸವೆಲ್ಲ ತಾನಾಗಿಯೇ ಶುದ್ಧವಾಗುವುದಿಲ್ಲ. 1111ರಲ್ಲಿ ತೀರಿಕೊಂಡ ಇಮಾಮ್ ಗಝಾಲಿ ಇದನ್ನು ಕಟುವಾಗಿಯೇ ಕೇಳಿದ್ದರು: ಹಗಲು ಬಿಟ್ಟದ್ದನ್ನೆಲ್ಲ ರಾತ್ರಿ ಸೇರಿಸಿ ತಿಂದರೆ ಉಪವಾಸದಿಂದ ಬಂದ ಲಾಭವೇನು? ರಮಝಾನ್ ಸಂಜೆಗಳಲ್ಲಿ ಬೆಂಗಳೂರಿನ ಫ್ರೇಜರ್ ಟೌನಿನ ಮಾಸ್ಕ್ ರಸ್ತೆ ಹೆಸರಾದದ್ದು ತಿನಿಸುಗಳಿಂದ. ಏಕಾದಶಿಯ ಹೆಸರಲ್ಲಿ ತಟ್ಟೆ ತುಂಬ ಅವಲಕ್ಕಿ, ಉಪ್ಪಿಟ್ಟು ಮುಗಿಸುವವರಿಗೂ ಗಝಾಲಿಯ ಪ್ರಶ್ನೆ ಸಲ್ಲುತ್ತದೆ. ರಮಝಾನ್ ಉಪವಾಸದ ಬಗ್ಗೆ ನಡೆದ ಅಧ್ಯಯನಗಳನ್ನು ಒಟ್ಟಿಗೆ ನೋಡಿದರೂ ಕಾಣುವುದು ಇದೇ: ಸರಾಸರಿ ಇಳಿಯುವುದು ಒಂದು ಕಿಲೋ ಆಸುಪಾಸು, ಅದರಲ್ಲಿ ಬಹುಪಾಲು ಕೆಲವೇ ವಾರಗಳಲ್ಲಿ ಮರಳುತ್ತದೆ. ಕ್ಯಾಲೊರಿ ಎಣಿಸುವವರೂ ಇಫ್ತಾರಿನ ಹೊತ್ತಿಗಾಗಿ ಗಡಿಯಾರ ನೋಡುತ್ತಾ ಕುಳಿತವರೂ ದಿನವಿಡೀ ಯೋಚಿಸುವುದು ಊಟವನ್ನೇ.

ಹಾಗಾದರೆ ರೋಜಾ ಮತ್ತು ಪಥ್ಯ ಬೇರೆಯಾಗುವುದು ಎಲ್ಲಿ? ಎರಡು ನಿಯಮಗಳನ್ನು ಗಮನಿಸಿದರೆ ಉತ್ತರ ಸಿಗುತ್ತದೆ.

ಮೊದಲನೆಯದು ಮರೆವಿನ ನಿಯಮ. ಉಪವಾಸ ಇರುವುದನ್ನು ಮರೆತು ಯಾರಾದರೂ ಊಟ ಮಾಡಿಬಿಟ್ಟರೆ, ನೆನಪಾದ ಕೂಡಲೇ ನಿಲ್ಲಿಸಿದರಾಯಿತು. ರೋಜಾ ಮುರಿಯುವುದಿಲ್ಲ ಎನ್ನುತ್ತವೆ ಬಹುತೇಕ ಪಂಥಗಳು. ತೂಕದ ಯಂತ್ರಕ್ಕೆ ಈ ಕರುಣೆ ಇಲ್ಲ. ಮರೆತು ತಿಂದರೂ, ನೆನಪಿಟ್ಟು ತಿಂದರೂ ಬಿರಿಯಾನಿಯ ಲೆಕ್ಕ ಅದಕ್ಕೆ ಒಂದೇ.

ಎರಡನೆಯದು ಇನ್ನೂ ಮುಖ್ಯ. ರೋಗಿಗಳು, ಪ್ರಯಾಣಿಕರು ಉಪವಾಸ ಬಿಟ್ಟು, ಆ ದಿನಗಳನ್ನು ಮುಂದೆ ತುಂಬಿಕೊಡಬಹುದು. ವಯಸ್ಸಾಗಿಯೋ ವಾಸಿಯಾಗದ ಕಾಯಿಲೆಯಿಂದಲೋ ಎಂದೂ ಉಪವಾಸ ಮಾಡಲಾಗದವರು ಏನು ಮಾಡಬೇಕು? ಬಿಟ್ಟ ಒಂದೊಂದು ದಿನಕ್ಕೂ ಒಬ್ಬ ಬಡವರಿಗೆ ಊಟ ಕೊಡಬೇಕು. ಇದಕ್ಕೆ ಫಿದ್ಯಾ ಎನ್ನುತ್ತಾರೆ. ಡಯಟ್ ತಪ್ಪಿದ ದಿನಕ್ಕೆ ಬದಲಿ ಏನು? ಇನ್ನೊಂದು ಗಂಟೆ ಟ್ರೆಡ್‌ಮಿಲ್ ಅಥವಾ ಮರುದಿನ ಇನ್ನಷ್ಟು ಕಡಿಮೆ ಊಟ. ಒಂದು ಆಚರಣೆಯ ಅರ್ಥ ತಿಳಿಯಬೇಕಾದರೆ ಅದರ ಜಾಗದಲ್ಲಿ ಏನನ್ನು ಇಡಬಹುದು ಎಂದು ಕೇಳಬೇಕು. ನನ್ನ ಉಪವಾಸದ ಜಾಗದಲ್ಲಿ ಇನ್ನೊಬ್ಬರ ಊಟ ಇಡಬಹುದಾದರೆ, ಆ ಉಪವಾಸ ಮೊದಲಿನಿಂದಲೂ ನನ್ನೊಬ್ಬನದಾಗಿರಲಿಲ್ಲ.

ತೂಕ ಇಳಿಸುವುದು ಹಗುರವಾಗಿ ನೋಡುವ ವಿಷಯವಲ್ಲ. ಸಕ್ಕರೆ ಕಾಯಿಲೆ, ಮಂಡಿನೋವು ಇರುವವರಿಗೆ ಅದು ಬದುಕಿನ ಪ್ರಶ್ನೆ. ವೈದ್ಯರನ್ನು ಕೇಳಿ ಪಥ್ಯ ಮಾಡುವುದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಆದರೆ ಅದನ್ನು ಪಥ್ಯ ಎಂದೇ ಕರೆಯೋಣ. ಪಥ್ಯದಲ್ಲಿ ಹಸಿವು ಒಂದು ಸಾಧನ. ಅದನ್ನು ಬೇಗ ದಾಟಿದಷ್ಟೂ ಒಳ್ಳೆಯದು. ಹಸಿವನ್ನು ಅಡಗಿಸುವ ಮದ್ದು ಸಿಕ್ಕರೆ ತೂಕ ಇಳಿಸುವವರಿಗೆ ಅದು ವರ. ರೋಜಾ ಇರುವವರು ಅಂಥ ಮದ್ದು ನುಂಗಿ ಸಂಜೆಯವರೆಗೆ ಹಸಿವೇ ಇಲ್ಲದೆ ಇದ್ದರೆ, ಅವರು ನಿಯಮ ಪಾಲಿಸಿರಬಹುದು, ಪಡೆಯಬೇಕಾದ್ದನ್ನು ಪಡೆದಿರಲಾರರು.

ರಮಝಾನ್ ಮುಗಿದು ಈದ್ ನಮಾಝಿಗೆ ಹೊರಡುವ ಮುನ್ನ ಮನೆಯ ಪ್ರತಿಯೊಬ್ಬರ ಲೆಕ್ಕದಲ್ಲೂ ಇಷ್ಟು ಧಾನ್ಯ ಬಡವರಿಗೆ ಸಲ್ಲಬೇಕು. ಉಪವಾಸವೇ ಇರದ ಹಾಲುಗೂಸಿನ ಪಾಲೂ ಅದರಲ್ಲಿ ಸೇರುತ್ತದೆ. ತಿಂಗಳ ಕೊನೆಗೆ ಇಸ್ಲಾಂ ತೂಗಲು ಹೇಳುವುದು ಆ ಧಾನ್ಯವನ್ನು.