ಕಾರ್ ಶೆಡ್ಡಿನಲ್ಲಿ ಕೇಳಿದ ಹಾಡು

ಅಣ್ಣನ ಹೆಸರು ಪೀಟ್. ತಮ್ಮನ ಹೆಸರೂ ಪೀಟ್. ಒಂದೇ ಮನೆಯಲ್ಲಿ ಇಬ್ಬರಿಗೆ ಒಂದೇ ಹೆಸರು ಯಾಕೆಂದು ಧಾರಾವಾಹಿ ಎಲ್ಲೂ ಹೇಳುವುದಿಲ್ಲ. ತಾಯಿಯ ತಲೆಯೊಳಗೆ ಒಂದು ಲೋಹದ ತಗಡಿದೆ, ಅದು ಆಗಾಗ ರೇಡಿಯೊ ಹಿಡಿಯುತ್ತದೆ. ಇನ್ನೂ ಹಲ್ಲು ಬಿದ್ದು ಹುಟ್ಟುವ ವಯಸ್ಸಿನ ತಮ್ಮನ ಮುಂಗೈ ಮೇಲೆ ಪೆಟೂನಿಯಾ ಎಂಬ ಹೆಂಗಸಿನ ಹಚ್ಚೆ. ಅವನ ಗೆಳೆಯ ಆರ್ಟಿ ತನ್ನನ್ನು ತಾನೇ ಜಗತ್ತಿನ ಅತಿ ಬಲಶಾಲಿ ಎಂದು ಕರೆದುಕೊಳ್ಳುತ್ತಾನೆ. ಅದನ್ನು ಸಾಬೀತು ಮಾಡಲು ಇವರ ಮನೆಯನ್ನೇ ನೂಕಿ ಒಂದು ಅಂಗುಲ ಸರಿಸುತ್ತಾನೆ. ಎರಡು ಅಂಗುಲವಲ್ಲ, ಒಂದೇ. ಅಮೆರಿಕದ ನಿಕಲೋಡಿಯನ್ ವಾಹಿನಿಯಲ್ಲಿ 1989ರಲ್ಲಿ ಒಂದೊಂದು ನಿಮಿಷದ ತುಣುಕುಗಳಾಗಿ ಶುರುವಾಗಿ, 1993ರಿಂದ 1996ರವರೆಗೆ ಮೂರು ಸೀಸನ್ ಓಡಿದ ‘ದಿ ಅಡ್ವೆಂಚರ್ಸ್ ಆಫ್ ಪೀಟ್ ಅಂಡ್ ಪೀಟ್’ ಮಕ್ಕಳಿಗಾಗಿ ಮಾಡಿದ ಹಾಸ್ಯ. ವಿಲ್ ಮೆಕ್‌ರಾಬ್ ಮತ್ತು ಕ್ರಿಸ್ ವಿಸ್ಕಾರ್ಡಿ ಕಟ್ಟಿದ ಈ ಕಥೆಗಳಲ್ಲಿ ದೇವರ ಮಾತು ಹೆಚ್ಚುಕಡಿಮೆ ಬರುವುದೇ ಇಲ್ಲ. ಆದರೂ ಧರ್ಮದ ತತ್ತ್ವಶಾಸ್ತ್ರದ ಒಂದು ಹಳೆಯ ಪ್ರಶ್ನೆಗೆ ಇದರಷ್ಟು ಒಳ್ಳೆಯ ಸಾಕ್ಷ್ಯ ಪಂಡಿತರ ಗ್ರಂಥಗಳಲ್ಲೂ ಅಪರೂಪ ಎಂಬುದು ನನ್ನ ವಾದ. ಪ್ರಶ್ನೆ ಇಷ್ಟು: ಒಂದು ವಸ್ತು ಪವಿತ್ರವಾಗುವುದು ಅದರ ಹಿರಿಮೆಯಿಂದಲೋ, ಅದರ ಮುಂದೆ ಮನುಷ್ಯ ನಡೆದುಕೊಳ್ಳುವ ರೀತಿಯಿಂದಲೋ?

ಈ ಪ್ರಶ್ನೆಗೆ ಇಪ್ಪತ್ತನೆಯ ಶತಮಾನದಲ್ಲಿ ಬಹಳ ಪ್ರಭಾವ ಬೀರಿದ ಉತ್ತರ ಕೊಟ್ಟವರಲ್ಲಿ ಮಿರ್ಚಾ ಎಲಿಯಾಡ್ ಒಬ್ಬ. 1957ರಲ್ಲಿ ಪ್ರಕಟವಾದ ಅವನ ‘ದಿ ಸೇಕ್ರೆಡ್ ಅಂಡ್ ದಿ ಪ್ರೊಫೇನ್’ ಪುಸ್ತಕದ ಪ್ರಕಾರ, ಶ್ರದ್ಧಾವಂತನಿಗೆ ಎಲ್ಲ ಜಾಗವೂ ಒಂದೇ ಅಲ್ಲ. ಎಲ್ಲೋ ಒಂದು ಕಡೆ ದೈವ ತೋರಿಕೊಳ್ಳುತ್ತದೆ, ಆ ಜಾಗ ಉಳಿದದ್ದರಿಂದ ಬೇರೆಯಾಗುತ್ತದೆ, ಜಗತ್ತಿಗೆ ಒಂದು ನಡು ಸಿಗುತ್ತದೆ. ಆಧುನಿಕ ಮನುಷ್ಯನಿಗೆ ಈ ನಡು ಇಲ್ಲ. ಅವನ ಮನೆ ಬದುಕಲು ಬೇಕಾದ ಒಂದು ಯಂತ್ರ, ಬೇಕೆಂದಾಗ ಬದಲಾಯಿಸಬಹುದಾದದ್ದು. ಆದರೆ ಎಲಿಯಾಡ್ ಒಂದು ವಿನಾಯಿತಿಯನ್ನೂ ಕೊಡುತ್ತಾನೆ. ದೇವರನ್ನು ನಂಬದವನಿಗೂ ಹುಟ್ಟಿದ ಊರು, ಮೊದಲ ಪ್ರೀತಿ ಕಂಡ ಜಾಗ, ಎಳವೆಯಲ್ಲಿ ನೋಡಿದ ಪರದೇಶದ ಪಟ್ಟಣ, ಇಂಥವು ಉಳಿದೆಲ್ಲದಕ್ಕಿಂತ ಬೇರೆಯಾಗಿ ಕಾಣುತ್ತವೆ; ಅವು ಅವನ ಖಾಸಗಿ ಪುಣ್ಯಸ್ಥಳಗಳು. ಎಲಿಯಾಡ್‌ನ ಲೆಕ್ಕದಲ್ಲಿ ಇವು ಒಡೆದುಹೋದ ಧರ್ಮದ ಅವಶೇಷಗಳು. ನನಗೆ ತಕರಾರು ಇರುವುದು ಇಲ್ಲೇ. ಇವು ಅವಶೇಷಗಳೇ ಎಂದು ಅವನಿಗೆ ಹೇಗೆ ಗೊತ್ತಾಯಿತು? ಧರ್ಮಗಳು ಶುರುವಾಗುವ ಜಾಗವೇ ಇದು ಎಂದೇಕೆ ಇರಬಾರದು?

ಪರೀಕ್ಷಿಸಬೇಕಾದರೆ ಧರ್ಮದ ನೆನಪು ಆದಷ್ಟು ಕಡಿಮೆ ಇರುವ ನೆಲ ಬೇಕು. ಅಮೆರಿಕದ ಉಪನಗರ ಅಂಥ ನೆಲ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ನ್ಯೂಯಾರ್ಕಿನ ಹತ್ತಿರ ಆಲೂಗಡ್ಡೆ ಬೆಳೆಯುತ್ತಿದ್ದ ಹೊಲಗಳಲ್ಲಿ 1947ರಿಂದ ಎದ್ದ ಲೆವಿಟೌನ್ ಬಡಾವಣೆಯಲ್ಲಿ ಕೆಲವೇ ವರ್ಷಗಳಲ್ಲಿ 17,000ಕ್ಕೂ ಹೆಚ್ಚು ಮನೆ ಕಟ್ಟಲಾಯಿತು. ಒಂದು ತಂಡ ಬರೀ ತಳಪಾಯ ಹಾಕುತ್ತ, ಇನ್ನೊಂದು ಬರೀ ಬಣ್ಣ ಬಳಿಯುತ್ತ ಸಾಲು ಸಾಲಾಗಿ ಮುಂದೆ ಹೋಗುತ್ತಿತ್ತು. ಅದೇ ಮಾದರಿ ದೇಶದ ತುಂಬ ಹಬ್ಬಿತು. ಒಂದೇ ಅಳತೆಯ ಹುಲ್ಲುಹಾಸು, ಒಂದೇ ಮುಖದ ಮನೆ, ರಸ್ತೆಗೆ ಬಾಯಿ ತೆರೆದ ಕಾರ್ ಶೆಡ್ಡು. ಊರದೇವತೆ ಇಲ್ಲ, ಪುರಾಣ ಇಲ್ಲ, ಅಜ್ಜನ ಕಾಲದ ಮರವೂ ಅಪರೂಪ. ಲೂಯಿಸ್ ಮಮ್‌ಫರ್ಡ್‌ನಂಥ ನಗರ ಚಿಂತಕರು ಈ ಏಕತಾನತೆಯನ್ನು ಕಟುವಾಗಿ ಟೀಕಿಸಿದರು. ಎಲಿಯಾಡ್ ಹೇಳಿದ, ಎಲ್ಲ ಕಡೆಯೂ ಒಂದೇ ಆದ, ನಡುವೇ ಇಲ್ಲದ ಜಾಗಕ್ಕೆ ಬೇರೆ ಉದಾಹರಣೆ ಹುಡುಕಬೇಕಿಲ್ಲ. ನ್ಯೂಜೆರ್ಸಿಯ ಬೀದಿಗಳಲ್ಲಿ ಚಿತ್ರೀಕರಿಸಿದ ಈ ಧಾರಾವಾಹಿಯ ವೆಲ್ಸ್‌ವಿಲ್ ಇಂಥದೇ ಊರು; ಅದು ಯಾವ ರಾಜ್ಯದಲ್ಲಿದೆ ಎಂದೂ ಕಥೆ ಬಿಟ್ಟುಕೊಡುವುದಿಲ್ಲ.

ಈ ಊರಿನಲ್ಲಿ ಒಂದು ದಿನ ಚಿಕ್ಕ ಪೀಟ್ ಒಂದು ಕಾರ್ ಶೆಡ್ಡಿನ ಮುಂದೆ ಹಾದುಹೋಗುತ್ತಾನೆ. ಒಳಗೆ ಯಾರೋ ಬ್ಯಾಂಡಿನವರು ಹಾಡುತ್ತಿದ್ದಾರೆ. ಹುಡುಗ ನಿಂತುಬಿಡುತ್ತಾನೆ. ತನಗೂ ಒಂದು ಇಷ್ಟದ ಹಾಡು ಇದೆ ಎಂದು ಅವನಿಗೆ ಜೀವನದಲ್ಲಿ ಮೊದಲ ಸಲ ಗೊತ್ತಾಗುತ್ತದೆ. ಮತ್ತೆ ಹೋಗಿ ನೋಡಿದರೆ ಶೆಡ್ಡು ಖಾಲಿ, ಬ್ಯಾಂಡಿನ ಸುಳಿವಿಲ್ಲ, ಹಾಡು ತಲೆಯಿಂದ ಒಂದೊಂದೇ ಸ್ವರವಾಗಿ ಜಾರತೊಡಗುತ್ತದೆ. ಆಮೇಲಿನ ಕಥೆಯೆಲ್ಲ ಅದನ್ನು ಹಿಡಿಯುವ ಪ್ರಯತ್ನ. ವಿಲಿಯಂ ಜೇಮ್ಸ್ 1902ರ ‘ದಿ ವೆರೈಟೀಸ್ ಆಫ್ ರಿಲಿಜಿಯಸ್ ಎಕ್ಸ್‌ಪೀರಿಯೆನ್ಸ್’ ಗ್ರಂಥದಲ್ಲಿ ಅನುಭಾವಕ್ಕೆ ನಾಲ್ಕು ಗುರುತು ಕೊಡುತ್ತಾನೆ: ಅದು ಮಾತಿಗೆ ಸಿಗದು, ಆದರೂ ಏನೋ ತಿಳಿದಂತಾಗುತ್ತದೆ, ಹೆಚ್ಚು ಹೊತ್ತು ನಿಲ್ಲದು, ಮತ್ತು ನಾವಾಗಿ ತಂದುಕೊಂಡದ್ದಲ್ಲ, ತಾನಾಗಿ ಬಂದದ್ದು. ಚಿಕ್ಕ ಪೀಟ್‌ನ ಹಾಡಿಗೆ ನಾಲ್ಕೂ ಒಪ್ಪುತ್ತವೆ. ಅವನು ಅದನ್ನು ಹುಡುಕಿಕೊಂಡು ಹೋಗಿರಲಿಲ್ಲ. ಏನು ಕೇಳಿದೆ ಎಂದು ಬೇರೆಯವರಿಗೆ ವಿವರಿಸಲಾರ. ನಿಂತದ್ದು ಕೆಲವೇ ನಿಮಿಷ. ಆದರೆ ಆ ನಿಮಿಷಗಳ ಮುಂಚಿನ ಪೀಟ್ ಆಗಿ ಉಳಿಯುವುದು ಇನ್ನು ಅವನಿಂದ ಆಗದು. ಇನ್ನೊಂದು ಮಾತು, ಅಡ್ಡದಾರಿಯಾದರೂ ಹೇಳಬೇಕು: ಧಾರಾವಾಹಿಯ ಆರಂಭದಲ್ಲಿ ಪೋಲಾರಿಸ್ ಎಂಬ ಬ್ಯಾಂಡು ಹಾಡುವ ‘ಹೇ ಸ್ಯಾಂಡಿ’ ಗೀತೆಯಲ್ಲೂ ಒಂದು ಸಾಲು ಕಿವಿಗೆ ಸರಿಯಾಗಿ ಸಿಗುವುದಿಲ್ಲ. ಅದೇನಿರಬಹುದೆಂದು ಕೇಳುಗರು ವರ್ಷಗಟ್ಟಲೆ ಜಗಳವಾಡಿದ್ದಾರೆ. ಪ್ರತಿ ಕಂತೂ ಹೀಗೆ ಪೂರ್ತಿ ಕೈಗೆಟುಕದ ಒಂದು ಸಾಲಿನಿಂದಲೇ ಶುರುವಾಗುತ್ತಿತ್ತು.

ಇಷ್ಟಕ್ಕೇ ಪವಿತ್ರ ಎನ್ನುವ ದೊಡ್ಡ ಮಾತು ಬೇಕೇ ಎಂದು ಕೇಳುವವರಿದ್ದಾರೆ, ಅವರ ಪ್ರಶ್ನೆ ಸಣ್ಣದಲ್ಲ. ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನಿಗಾಗಿ ಹಂಬಲಿಸಿದಾಗ ಆ ಹಂಬಲಕ್ಕೆ ಒಂದು ಹೆಸರಿತ್ತು, ಹೆಸರಿಗೆ ತಕ್ಕ ಹಿರಿಮೆಯಿತ್ತು. ಇಲ್ಲಿರುವುದು ಕಾರ್ ಶೆಡ್ಡಿನ ಪಾಪ್ ಸಂಗೀತ. ಹಂಬಲಿಸುವ ರೀತಿಯೇ ಸಾಕು, ಹಂಬಲಿಸಿದ್ದು ಏನಾದರೂ ಆಗಲಿ ಎಂದರೆ, ಸಿನಿಮಾ ನಟನ ಕಟೌಟಿಗೆ ಹಾಲು ಸುರಿಯುವುದಕ್ಕೂ ಬ್ರಾಂಡಿನ ಬೂಟಿಗಾಗಿ ರಾತ್ರಿಯಿಡೀ ಸಾಲಿನಲ್ಲಿ ನಿಲ್ಲುವುದಕ್ಕೂ ಅದೇ ಗೌರವ ಕೊಡಬೇಕಾಗುತ್ತದೆ. ಉಪನಗರವಂತೂ ಕೊಳ್ಳುವವರ ಲೋಕ. ಈ ಆಕ್ಷೇಪಕ್ಕೆ ಉತ್ತರವನ್ನು ಧಾರಾವಾಹಿಯೇ ಒದಗಿಸುತ್ತದೆ, ಅದೂ ಒಬ್ಬ ವ್ಯಾಪಾರಿಯ ಮೂಲಕ. ಮಿಸ್ಟರ್ ಟೇಸ್ಟಿ ಬೇಸಿಗೆಯಲ್ಲಿ ಬರುವ ಐಸ್‌ಕ್ರೀಮ್ ಗಾಡಿಯವನು. ಐಸ್‌ಕ್ರೀಮ್ ಸುರುಳಿಯ ಆಕಾರದ ದೊಡ್ಡ ಪ್ಲಾಸ್ಟಿಕ್ ತಲೆ ಹೊತ್ತಿರುತ್ತಾನೆ, ಒಳಗಿನ ಮುಖ ಯಾರೂ ಕಂಡಿಲ್ಲ. ಇಬ್ಬರು ಪೀಟ್‌ಗಳೂ ಗೆಳತಿ ಎಲೆನ್ ಕೂಡ ಅವನ ಸ್ನೇಹ ಬೆಳೆಸಲು, ಅವನು ಯಾರೆಂದು ತಿಳಿಯಲು ಹೊರಡುತ್ತಾರೆ. ತೀರಾ ಹತ್ತಿರ ಹೋದಾಗ ಅವನು ಊರು ಬಿಟ್ಟು ಮಾಯವಾಗುತ್ತಾನೆ. ಐಸ್‌ಕ್ರೀಮು ದುಡ್ಡಿಗೆ ಸಿಗುತ್ತದೆ. ಆ ತಲೆಯೊಳಗಿರುವುದು ಸಿಗುವುದಿಲ್ಲ. ಮಕ್ಕಳಿಗೆ ಬೇಕಾಗಿದ್ದದ್ದು ಎರಡನೆಯದು ಎಂಬಲ್ಲಿಗೆ ಕಥೆ ಮಾರುಕಟ್ಟೆಯ ಕೈ ತಪ್ಪುತ್ತದೆ. ಸ್ವಂತ ಮಾಡಿಕೊಳ್ಳಲು ಹೊರಟರೆ ಕೈಬಿಟ್ಟುಹೋಗುವ ಗುಣ ಬ್ರಾಂಡಿನ ಬೂಟಿಗಿಲ್ಲ, ಅದನ್ನು ಮಾಡಿರುವುದೇ ಸ್ವಂತವಾಗಲಿಕ್ಕೆ.

ಎರಡನೆಯ ಒರೆಗಲ್ಲೂ ಇಲ್ಲಿದೆ. ಇನ್ನೊಂದು ಕಂತಿನಲ್ಲಿ ಅದೇ ಚಿಕ್ಕ ಪೀಟ್ ಮಲಗುವ ಹೊತ್ತಿನ ಕಟ್ಟಳೆಯ ವಿರುದ್ಧ ಬಂಡೆದ್ದು, ಹನ್ನೊಂದು ರಾತ್ರಿ ನಿದ್ದೆಗೆಟ್ಟು ವಿಶ್ವದಾಖಲೆ ಮುರಿಯಲು ಹೊರಡುತ್ತಾನೆ. ಹೊರಗಿನಿಂದ ನೋಡಿದರೆ ಶಿವರಾತ್ರಿಯ ಜಾಗರಣೆಯನ್ನೂ ಮೀರಿಸಿದ ತಪಸ್ಸು. ಆದರೆ ಆ ಎಚ್ಚರದಲ್ಲಿ ಅವನು ಯಾವುದಕ್ಕೂ ಕಿವಿಗೊಡುತ್ತಿಲ್ಲ. ದೊಡ್ಡವರನ್ನು ಸೋಲಿಸಬೇಕು, ಅಷ್ಟೆ. ಹಾಡಿನ ಕಂತಿನಲ್ಲಾದರೋ ಅವನಿಗೆ ಗೆಲ್ಲುವುದಕ್ಕೆ ಏನೂ ಇಲ್ಲ. ತಾನು ಕೇಳಿದ್ದಕ್ಕೆ ತಾನು ಸರಿಯಾಗಿರಬೇಕು, ಒಂದು ಸ್ವರವೂ ತನ್ನ ಕಡೆಯಿಂದ ಸೇರಬಾರದು. ಹುಡುಗ ಅವನೇ, ಮೊಂಡುತನವೂ ಅದೇ. ಒಂದು ಕಡೆ ಅದು ಹಠ, ಇನ್ನೊಂದು ಕಡೆ ಶ್ರದ್ಧೆ. ಹಾಗಾಗಿ ತೀವ್ರತೆಯೊಂದರಿಂದಲೇ ಪವಿತ್ರವನ್ನು ಅಳೆಯಬೇಕೆಂದು ನಾನು ಹೇಳುತ್ತಿಲ್ಲ. ತನಗಿಂತ ಹೊರಗಿರುವ ಒಂದಕ್ಕೆ ಮನುಷ್ಯ ಎಷ್ಟು ವಿಧೇಯನಾಗುತ್ತಾನೆ, ಅದನ್ನು ತನ್ನ ಅನುಕೂಲಕ್ಕೆ ತಿದ್ದದೆ ಎಷ್ಟು ಬಿಡುತ್ತಾನೆ ಎಂಬುದು ಅಳತೆ. ಈ ಅಳತೆಯಲ್ಲಿ ದೇವರ ಹೆಸರಿನಲ್ಲಿ ನಡೆಯುವ ಎಷ್ಟೋ ಆಚರಣೆ ಬರೀ ಹಠದ ಲೆಕ್ಕಕ್ಕೆ ಹೋಗಬಹುದು, ಅದು ಬೇರೆ ಮಾತು.

ಸಮಾಜಶಾಸ್ತ್ರದ ಕಡೆಯಿಂದ ಬರುವ ಆಕ್ಷೇಪ ಇನ್ನೂ ಗಟ್ಟಿ. ಎಮಿಲ್ ಡರ್ಕೈಮ್ 1912ರಲ್ಲೇ ಹೇಳಿದ್ದ: ಒಬ್ಬಂಟಿಯ ಅನುಭವ ಧರ್ಮವಾಗದು, ಪವಿತ್ರವೆಂದು ಬೇರೆ ತೆಗೆದಿಟ್ಟದ್ದರ ಸುತ್ತ ಜನ ಒಂದಾಗಬೇಕು, ಜನರನ್ನು ಒಂದು ಮಾಡುವುದೇ ಅದರ ಕೆಲಸ. ಹುಡುಗನೊಬ್ಬನ ತಲೆಯೊಳಗಿನ ಹಾಡು ಈ ಪರೀಕ್ಷೆಯಲ್ಲಿ ನಪಾಸಾಗಬೇಕಿತ್ತು. ಆದರೆ ಕಥೆ ಮುಂದೆ ಏನು ಮಾಡುತ್ತದೆ ನೋಡಿ. ಒಬ್ಬನಿಂದ ಹಾಡು ನೆನಪಾಗುವುದಿಲ್ಲವೆಂದು ಚಿಕ್ಕ ಪೀಟ್ ಒಂದು ಬ್ಯಾಂಡು ಕಟ್ಟುತ್ತಾನೆ. ಅದಕ್ಕೆ ಸೇರುವವರು ಯಾರು? ಕರೆಂಟ್ ಮೀಟರ್ ಓದಲು ಬರುವವನು, ಶಾಲೆಯ ಗಣಿತದ ಮೇಡಂ. (ಈ ಎರಡು ಪಾತ್ರ ಮಾಡಿದವರು ಮಾರ್ಷಲ್ ಕ್ರೆನ್ಶಾ, ಸಿಡ್ ಸ್ಟ್ರಾ, ಇಬ್ಬರೂ ನಿಜ ಜೀವನದಲ್ಲಿ ಹಾಡುಗಾರರೇ.) ಆ ಮೂಲ ಹಾಡನ್ನು ಕೇಳಿದವನು ಹುಡುಗ ಮಾತ್ರ. ಉಳಿದವರು ಅವನ ಮಾತು ನಂಬಿ, ತಾವು ಕೇಳದ ಹಾಡನ್ನು ಹುಡುಕುತ್ತ ನುಡಿಸುತ್ತಾರೆ, ಅವನು ಅಲ್ಲ ಅಲ್ಲ ಎನ್ನುತ್ತಲೇ ಇರುತ್ತಾನೆ. ಕಂಡವನೊಬ್ಬ, ಕಾಣದೆಯೂ ಜೊತೆ ನಿಂತವರು ಹಲವರು: ಎಷ್ಟೋ ಪಂಥಗಳು ಹುಟ್ಟಿದ್ದು ಹೀಗೇ ಅಲ್ಲವೇ? ಆಗಾಗ ಬಾಗಿಲಿಗೆ ಬಂದು ಅಂಕಿ ಬರೆದುಕೊಂಡು ಹೋಗುವ ಮನುಷ್ಯನಿಗೆ ಆ ಬೀದಿಯಲ್ಲಿ ಒಂದು ಮುಖ ಬಂದದ್ದು ಆ ಬ್ಯಾಂಡಿನಲ್ಲಿ. ಡರ್ಕೈಮ್‌ಗೆ ಸಮಾಜ ಮೊದಲು, ಪವಿತ್ರ ಆಮೇಲೆ. ಇಲ್ಲಿ ಕ್ರಮ ತಿರುಗಿದೆ, ಹಾಡು ಮೊದಲು ಬಂತು, ಜನ ಅದರ ಹಿಂದೆ ಬಂದರು.

ಇದೆಲ್ಲ ದೊಡ್ಡವರು ಬರೆದ ಮಕ್ಕಳ ಕಥೆ, ಕಳೆದುಹೋದ ಬಾಲ್ಯಕ್ಕೆ ಬಳಿದ ಬಂಗಾರದ ನೀರು, ಇದನ್ನು ಸಾಕ್ಷ್ಯ ಎನ್ನಲಾದೀತೇ ಎಂಬ ಅನುಮಾನವೂ ಬರಬಹುದು. ದೊಡ್ಡ ಪೀಟ್ ಕಥೆ ಹೇಳುವ ದನಿಯಲ್ಲಿ ಆ ಹಂಬಲದ ಎಳೆ ಇದೆ, ಒಪ್ಪಬೇಕು. ಆದರೆ ಬರೀ ಸಿಹಿ ನೆನಪಿನಲ್ಲಿ ಭಯಕ್ಕೆ ಜಾಗವಿರುವುದಿಲ್ಲ. ವೆಲ್ಸ್‌ವಿಲ್‌ನಲ್ಲಿ ಭಯವಿದೆ. ಒಂದು ಕಂತಿನಲ್ಲಿ ಊರಿನ ಒಂದು ಸಾರ್ವಜನಿಕ ಟೆಲಿಫೋನ್ 27 ವರ್ಷದಿಂದ ಬಡಿದುಕೊಳ್ಳುತ್ತಿದೆ. ಯಾರೂ ಎತ್ತಿಲ್ಲ. ಬಿಸಿಲಿಗೆ ಬೆಂದ ಜನರಿಗೆ ಆ ಸದ್ದು ಸಹಿಸಲಾಗದು, ಎತ್ತುವ ಧೈರ್ಯವೂ ಬಾರದು. ರುಡಾಲ್ಫ್ ಓಟೋ 1917ರ ತನ್ನ ಪುಸ್ತಕದಲ್ಲಿ ಪವಿತ್ರದ ಅನುಭವವನ್ನು ನಡುಗಿಸುವ ಮತ್ತು ಸೆಳೆಯುವ ರಹಸ್ಯ ಎಂದು ಕರೆದ; ನಡುಕವೂ ಸೆಳೆತವೂ ಆ ಅನುಭವದಲ್ಲಿ ಒಟ್ಟಿಗೇ ಇರುತ್ತವೆ ಎಂಬುದು ಅವನ ನಿಲುವು. ಹಳೆಯ ನೆನಪಿಗೆ ಸಕ್ಕರೆ ಬೆರೆಸುವವರು ಈ ಫೋನನ್ನು ಕಥೆಯೊಳಗೆ ತರುತ್ತಿರಲಿಲ್ಲ. ಕಲ್ಪಿಸಿದ್ದು ಸಾಕ್ಷ್ಯವಾಗದು ಎಂಬ ಮಾತಿಗೆ ನನ್ನ ಉತ್ತರ ಚಿಕ್ಕದು: ಕಥೆಯಲ್ಲಿ ಘಟನೆ ಕಲ್ಪಿತ, ಆದರೆ ಅದನ್ನು ನೋಡಿದ ಮಕ್ಕಳು ಸುಳ್ಳೆಂದು ತಳ್ಳದೆ ಅದರಲ್ಲಿ ತಮ್ಮ ಅನುಭವವನ್ನು ಗುರುತು ಹಿಡಿದರು. ಆ ಗುರುತು ಕಲ್ಪಿತವಲ್ಲ.

ಹಾಗೆಂದು ಎಲಿಯಾಡ್ ಪೂರ್ತಿ ತಪ್ಪಿದ ಎನ್ನಲಾರೆ. ಆರ್ಟಿಯ ಕಥೆ ಮುಗಿಯುವ ಬಗೆಯಲ್ಲಿ ಎಲಿಯಾಡ್‌ನ ಮಾತಿಗೆ ಸ್ವಲ್ಪ ಬಲ ಸಿಗುತ್ತದೆ. ದೊಡ್ಡವರೆಲ್ಲ ಸೇರಿ ಚಿಕ್ಕ ಪೀಟ್‌ಗೆ ಕಾವಲಾಗಿದ್ದ ಈ ವಿಚಿತ್ರ ಮನುಷ್ಯನನ್ನು ಊರಿನಿಂದ ಓಡಿಸಲು ಹೊಂಚು ಹಾಕುತ್ತಾರೆ. ಆದರೆ ಕೊನೆಗೆ ಅವನು ಹೋಗುವುದು ಅವರ ಬಲವಂತಕ್ಕಲ್ಲ. ಚಿಕ್ಕ ಪೀಟ್ ಈಗ ತನ್ನ ಕಾಲ ಮೇಲೆ ನಿಲ್ಲಬಲ್ಲ, ಆರ್ಟಿ ಬೇಕಾದ ಮಗು ಬೇರೆಲ್ಲೋ ಇದೆ. ಮಗುವಿನ ಮಟ್ಟಿಗೆ ಇದು ನ್ಯಾಯವೇ. ಆದರೆ ಮನುಷ್ಯನಿಗೆ ಕಾಯುವವರು ಬೇಕಾಗುವುದು ಎಳವೆಯಲ್ಲಿ ಮಾತ್ರವೇ? ಸಾವು, ಬಾಣಂತನ, ತೀರದ ಕಾಯಿಲೆ, ಹಂಬಲವೇ ಬತ್ತಿಹೋದ ವರ್ಷಗಳು, ಇವುಗಳಿಗೆ ಸಂಪ್ರದಾಯಗಳ ಬಳಿ ಮಂತ್ರವಿದೆ, ಸೂತಕದ ದಿನಗಳಿವೆ, ಏನೂ ಅನಿಸದಿದ್ದಾಗಲೂ ಕೈ ತಾನಾಗಿ ಮಾಡುವ ಕೆಲಸಗಳಿವೆ. ವೆಲ್ಸ್‌ವಿಲ್ ಬಳಿ ಅಂಥದ್ದಿಲ್ಲ, ಅಲ್ಲಿಯ ಪವಿತ್ರಕ್ಕೆ ಎಚ್ಚರವಾಗಿರುವ ಮನಸ್ಸು ಯಾವಾಗಲೂ ಬೇಕು. ಅವಶೇಷ ಎಂಬ ಪದವನ್ನು ನಾನು ಈಗಲೂ ಒಪ್ಪುವುದಿಲ್ಲ; ಮೀಟರ್ ಓದುವವನು ಗಿಟಾರ್ ಹಿಡಿದದ್ದು ಯಾವ ಹಳೆಯ ಧರ್ಮದ ನೆನಪಿನಿಂದಲೂ ಅಲ್ಲ. ಆದರೆ ಆ ಬ್ಯಾಂಡು ಹಾಡು ಸಿಕ್ಕ ಮೇಲೆ ಮುಂದಿನ ತಲೆಮಾರಿಗೆ ಅದನ್ನು ಕಲಿಸುತ್ತದೆಯೇ, ಕಲಿಸಿದರೆ ಅದು ಹಾಡಾಗಿಯೇ ಉಳಿಯುತ್ತದೆಯೇ ಅಥವಾ ಬರೀ ಪಾಠವಾಗುತ್ತದೆಯೇ ಎಂಬಲ್ಲಿ ಈ ಹಾಸ್ಯ ಸುಮ್ಮನಾಗುತ್ತದೆ, ಧರ್ಮಗಳ ನಿಜವಾದ ಕಷ್ಟ ಅಲ್ಲಿಂದ ಶುರುವಾಗುತ್ತದೆ.