ಬೆರಳಿನ ಮಾತು ಕೇಳುವ ವಾದ್ಯ

ಮಗುವನ್ನು ಪಿಯಾನೊ ಕ್ಲಾಸಿಗೆ ಸೇರಿಸಿದ ಮನೆಗಳಲ್ಲಿ ಮೊದಲ ವಾರವೇ ಒಂದು ಚರ್ಚೆ ಏಳುತ್ತದೆ. ಅಭ್ಯಾಸಕ್ಕೆ ಮನೆಗೆ ಏನು ತರುವುದು? ‘ಸದ್ಯಕ್ಕೆ ಒಂದು ಚಿಕ್ಕ ಕೀಬೋರ್ಡ್ ತರೋಣ, ಆಸಕ್ತಿ ಉಳಿದರೆ ಆಮೇಲೆ ಒಳ್ಳೆಯದು ನೋಡಿದರಾಯ್ತು’ ಅನ್ನುತ್ತಾರೆ ಅಪ್ಪ. ಅಮ್ಮನೂ ಹೂಂ ಅನ್ನುತ್ತಾರೆ. ಕರಾಟೆಗೆ ಸೇರಿ ಬಿಟ್ಟದ್ದು, ಚಿತ್ರಕಲೆಗೆ ಸೇರಿ ಬಿಟ್ಟದ್ದು ಮನೆಯಲ್ಲಿ ಎಲ್ಲರಿಗೂ ನೆನಪಿರುತ್ತದೆ. ಸಾಲದ ಕಂತು, ಶಾಲೆಯ ಫೀಸು ಎರಡನ್ನೂ ಕಟ್ಟುವ ಸಂಸಾರದಲ್ಲಿ ಈ ಎಚ್ಚರ ತಪ್ಪಲ್ಲ. ಆದರೆ ಪಿಯಾನೊ ಮಟ್ಟಿಗೆ ಈ ಲೆಕ್ಕ ತಲೆಕೆಳಗು. ಆಸಕ್ತಿ ಉಳಿಯುವುದೂ ಸೊರಗುವುದೂ ಎಷ್ಟೋ ಸಲ ಆ ಮೊದಲ ವಾದ್ಯದ ಕೈಯಲ್ಲೇ ಇರುತ್ತದೆ.

ಯಾಕೆಂದು ತಿಳಿಯಬೇಕಾದರೆ ಪಿಯಾನೊದ ಒಳಗೆ ಇಣುಕಬೇಕು. ಬೆರಳು ಒತ್ತಿದಾಗ ಕೀ ಸುಮಾರು ಒಂದು ಸೆಂಟಿಮೀಟರ್ ಕೆಳಗಿಳಿಯುತ್ತದೆ. ಅಷ್ಟರೊಳಗೆ ಅದರ ಹಿಂದಿನ ತುದಿ ಮೇಲೆದ್ದು, ಸನ್ನೆಗಳ ಸಾಲೊಂದರ ಮೂಲಕ, ಉಣ್ಣೆಯ ಫೆಲ್ಟ್ ಹೊದಿಸಿದ ಪುಟ್ಟ ಸುತ್ತಿಗೆಯನ್ನು ತಂತಿಯ ಕಡೆಗೆ ಚಿಮ್ಮಿಸುತ್ತದೆ. ತಂತಿಗೆ ತಾಗಲು ಒಂದೆರಡು ಮಿಲಿಮೀಟರ್ ಬಾಕಿ ಇರುವಾಗ ಈ ಯಂತ್ರ ಸುತ್ತಿಗೆಯ ಕೈಬಿಡುತ್ತದೆ. ಆ ಕೊನೆಯ ಚೂರು ದಾರಿಯನ್ನು ಸುತ್ತಿಗೆ ತನ್ನ ವೇಗದಲ್ಲೇ ದಾಟಿ, ಬಡಿದು, ಹಿಂದಕ್ಕೆ ಬೀಳುತ್ತದೆ. ಕೈಬಿಡದೆ ಹೋಗಿದ್ದರೆ ಸುತ್ತಿಗೆ ತಂತಿಗೆ ಒತ್ತಿಕೊಂಡು ನಿಂತು ನಾದ ಅಲ್ಲೇ ಸತ್ತುಹೋಗುತ್ತಿತ್ತು. ಈ ಉಪಾಯ ಕಂಡುಹಿಡಿದವನು ಬಾರ್ತೊಲೊಮಿಯೊ ಕ್ರಿಸ್ಟೊಫೊರಿ. ಇಟಲಿಯ ಫ್ಲಾರೆನ್ಸ್‌ನಲ್ಲಿ ಮೆಡಿಚಿ ಮನೆತನದ ವಾದ್ಯಗಳನ್ನು ನೋಡಿಕೊಳ್ಳುತ್ತಿದ್ದ ಕುಶಲಕರ್ಮಿ. ಕಾಲ 1700ರ ಆಸುಪಾಸು. ಅದಕ್ಕೆ ಮುಂಚಿನ ಹಾರ್ಪ್ಸಿಕಾರ್ಡ್‌ನಲ್ಲಿ ಕೀ ಒತ್ತಿದರೆ ಕಡ್ಡಿಯೊಂದು ತಂತಿಯನ್ನು ಮೀಟುತ್ತಿತ್ತು. ಮೆಲ್ಲಗೆ ಒತ್ತಿದರೂ ಬಿರುಸಾಗಿ ಒತ್ತಿದರೂ ಹೆಚ್ಚುಕಡಿಮೆ ಒಂದೇ ದನಿ. ಕ್ರಿಸ್ಟೊಫೊರಿಯ ವಾದ್ಯದಲ್ಲಿ ಬೆರಳಿನ ವೇಗ ನೇರವಾಗಿ ದನಿಗೆ ಇಳಿಯಿತು. ಅವನು 1720ರಲ್ಲಿ ಮಾಡಿದ ಪಿಯಾನೊ ಒಂದು ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಇಂದಿಗೂ ಇದೆ.

ಮುನ್ನೂರು ವರ್ಷಗಳಲ್ಲಿ ವಾದ್ಯ ದೊಡ್ಡದಾಯಿತು, ಎರಕದ ಕಬ್ಬಿಣದ ಚೌಕಟ್ಟು ಬಂತು, ಕೀಗಳು 88ಕ್ಕೆ ನಿಂತವು. ಆದರೆ ಮಗು ಕ್ಲಾಸಿನಲ್ಲಿ ಮೊದಲ ದಿನದಿಂದ ಕಲಿಯುವುದು ಅದೇ ಹಳೆಯ ವಿದ್ಯೆಯನ್ನು. ಒಂದೇ ಸ್ವರವನ್ನು ಪಿಸುಗುಟ್ಟಿಸುವುದು, ಅದೇ ಸ್ವರವನ್ನು ಕೂಗಿಸುವುದು. ಎಡಗೈಯನ್ನು ತಗ್ಗಿಸಿ ಬಲಗೈಯ ರಾಗವನ್ನು ಮುಂದೆ ಬಿಡುವುದು. ಬೆರಳೆತ್ತಿದ ಕ್ಷಣ ನಾದ ನಿಲ್ಲುತ್ತದೆ ಎಂಬುದನ್ನು ಕಿವಿಗಿಂತ ಮೊದಲು ಬೆರಳೇ ಅರಿಯುವುದು. ಸ್ವರ ಓದುವುದು, ತಾಳ ಎಣಿಸುವುದು ಇವನ್ನು ಎಲ್ಲಿ ಬೇಕಾದರೂ ಕಲಿಯಬಹುದು. ಈ ಸ್ಪರ್ಶವನ್ನು ಮಾತ್ರ ವಾದ್ಯವೇ ಕಲಿಸಬೇಕು. ಗುರುಗಳ ಕೈಗೆ ಮಗು ಸಿಗುವುದು ವಾರಕ್ಕೆ ಅರ್ಧ ಗಂಟೆ, ಮುಕ್ಕಾಲು ಗಂಟೆ. ಮಿಕ್ಕ ಆರು ದಿನ ಪಾಠ ಹೇಳುವುದು ಮನೆಯಲ್ಲಿರುವ ಕೀಗಳು.

ಹತ್ತು ಸಾವಿರದೊಳಗೆ ಸಿಗುವ, ಹಗುರ ಪ್ಲಾಸ್ಟಿಕ್ ಕೀಗಳ ಚಿಕ್ಕ ಕೀಬೋರ್ಡ್‌ಗಳಲ್ಲಿ ಹಲವಕ್ಕೆ ಈ ಸ್ಪರ್ಶ ಗೊತ್ತೇ ಇಲ್ಲ. ಅಲ್ಲಿ ಕೀ ಒತ್ತುವುದೆಂದರೆ ದೀಪದ ಸ್ವಿಚ್ ಒತ್ತಿದ ಹಾಗೆ: ಹತ್ತುತ್ತದೆ ಅಥವಾ ಆರುತ್ತದೆ, ನಡುವೆ ಏನೂ ಇಲ್ಲ. ಅಂಥದ್ದರ ಮೇಲೆ ಆರು ತಿಂಗಳು ಅಭ್ಯಾಸ ಮಾಡಿದ ಮಗು ಗುರುಗಳ ಪಿಯಾನೊ ಮುಂದೆ ಕೂತಾಗ ನಾಲ್ಕನೇ ಬೆರಳು, ಕಿರುಬೆರಳು ಕೀಯನ್ನು ಪೂರ್ತಿ ಇಳಿಸಲಾರದೆ ಒದ್ದಾಡುತ್ತವೆ. ಕೆಲವು ಸ್ವರ ಕೇಳಿಸುವುದೇ ಇಲ್ಲ, ಕೆಲವು ಢಂ ಎನ್ನುತ್ತವೆ. ‘ಮನೇಲಿ ಚೆನ್ನಾಗಿ ಬಂದಿತ್ತು ಮಿಸ್’ ಎನ್ನುತ್ತದೆ ಮಗು. ಅದು ಸುಳ್ಳು ಹೇಳುತ್ತಿಲ್ಲ. ಮನೆಯಲ್ಲಿ ನಿಜವಾಗಿಯೂ ಚೆನ್ನಾಗಿ ಬಂದಿರುತ್ತದೆ. ಆದರೆ ಎಂಟು ವರ್ಷದ ಮಗುವಿಗೆ ದೋಷ ವಾದ್ಯದ್ದು ಎಂದು ಹೇಗೆ ತಿಳಿಯಬೇಕು? ತನಗೇ ಬರುವುದಿಲ್ಲ ಎಂದುಕೊಳ್ಳುತ್ತದೆ. ಇಂಥ ನಾಲ್ಕಾರು ವಾರ ಕಳೆದರೆ ಕ್ಲಾಸಿಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು ಶುರು. ‘ನೋಡಿದ್ರಾ, ಆಸಕ್ತಿ ಹೋಯ್ತು, ದೊಡ್ಡದು ತರದೇ ಇದ್ದದ್ದು ಒಳ್ಳೇದೇ ಆಯ್ತು’ ಎಂದು ಮನೆಯವರು ಸಮಾಧಾನಪಟ್ಟುಕೊಳ್ಳುತ್ತಾರೆ. ನನಗೆ ತುಂಬ ಸಂಕಟವಾಗುವುದು ಇಲ್ಲಿಯೇ.

ಬೆಂಗಳೂರಿನ ಒಂದು ವಾದ್ಯದಂಗಡಿಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಏಳೆಂಟು ವರ್ಷದ ಹುಡುಗಿ, ಜೊತೆಗೆ ಅಪ್ಪ. ಅಂಗಡಿಯ ಹುಡುಗ ಉತ್ಸಾಹದಿಂದ ಒಂದು ಕೀಬೋರ್ಡ್ ಹಚ್ಚಿ, ಡ್ರಮ್ಮಿನ ತಾಳ ಕೊಟ್ಟು, ಕೊಳಲಿನ ದನಿ, ಪಿಟೀಲಿನ ದನಿ, ನಾಯಿ ಬೊಗಳುವ ದನಿ ಎಲ್ಲವನ್ನೂ ತೋರಿಸಿದ. ಹುಡುಗಿ ನಕ್ಕಳು, ಎರಡು ನಿಮಿಷ ಬಟನ್ ಒತ್ತಿದಳು, ಆಮೇಲೆ ಅಪ್ಪನ ಕೈ ಬಿಟ್ಟು ಮೂಲೆಯಲ್ಲಿ ಮುಚ್ಚಳ ತೆರೆದಿದ್ದ ಅಪ್‌ರೈಟ್ ಪಿಯಾನೊ ಹತ್ತಿರ ಹೋದಳು. ನಡುವಿನ ಒಂದು ಕೀ ಮೇಲೆ ತೋರುಬೆರಳಿಟ್ಟು ಮೆಲ್ಲ ಮೆಲ್ಲನೆ ಒತ್ತಿದಳು. ಕೀ ತಳ ಮುಟ್ಟಿತು, ಸದ್ದೇ ಬರಲಿಲ್ಲ. ಅಷ್ಟು ನಿಧಾನಕ್ಕೆ ಒತ್ತಿದರೆ ಸುತ್ತಿಗೆ ತಂತಿಯನ್ನು ತಲುಪುವುದಿಲ್ಲ. ಹುಡುಗಿ ಬಗ್ಗಿ ಕೀಯನ್ನೇ ನೋಡಿದಳು. ಮತ್ತೆ ಒತ್ತಿದಳು, ಕೊಂಚ ಚುರುಕಾಗಿ. ಉಸಿರಿನಷ್ಟು ಸಣ್ಣ ದನಿ ಬಂತು. ಇನ್ನೊಮ್ಮೆ, ಇನ್ನೂ ಸ್ವಲ್ಪ ಚುರುಕಾಗಿ. ಅಪ್ಪ ಅಲ್ಲಿ ಬೆಲೆ ಕೇಳುತ್ತಿದ್ದರು. ಇವಳು ಇಲ್ಲಿ ಒಂದೇ ಕೀಯಿಂದ ಎಷ್ಟು ಬಗೆಯ ದನಿ ಬರುತ್ತದೆ ಎಂದು ಹುಡುಕುವುದರಲ್ಲಿ ಮುಳುಗಿಹೋಗಿದ್ದಳು. ಯಾರೂ ಹೇಳಿಕೊಡದೆ ಮೊದಲ ಪಾಠ ಆಗಿಹೋಗಿತ್ತು.

ಇದನ್ನು ಹೇಳಿದ ಮಾತ್ರಕ್ಕೆ ಎಲೆಕ್ಟ್ರಾನಿಕ್ ಕೀಬೋರ್ಡನ್ನು ಕೀಳಾಗಿ ಕಾಣಬೇಕಿಲ್ಲ. 1980ರಲ್ಲಿ ಕ್ಯಾಸಿಯೊ ಕಂಪನಿ ತನ್ನ ಮೊದಲ ಕೀಬೋರ್ಡ್ ಹೊರತಂದ ಮೇಲೆ ನಮ್ಮಲ್ಲಿ ಎಷ್ಟೋ ಮನೆಗಳಿಗೆ ಸಂಗೀತ ಬಂದದ್ದು ಅದರಿಂದಲೇ. ಆರ್ಕೆಸ್ಟ್ರಾಗಳಲ್ಲಿ, ಭಾವಗೀತೆಯ ಕಾರ್ಯಕ್ರಮಗಳಲ್ಲಿ ಕೀಬೋರ್ಡ್ ನುಡಿಸುವವರ ಕೈಚಳಕ ಬೇರೆಯದೇ ವಿದ್ಯೆ. ಟ್ರಿನಿಟಿ ಕಾಲೇಜ್ ಲಂಡನ್ ನಡೆಸುವ ಪರೀಕ್ಷೆಗಳಲ್ಲೂ ಪಿಯಾನೊ ಬೇರೆ, ಎಲೆಕ್ಟ್ರಾನಿಕ್ ಕೀಬೋರ್ಡ್ ಬೇರೆ, ಎರಡಕ್ಕೂ ಪಠ್ಯಕ್ರಮ ಬೇರೆ ಬೇರೆ. ಮಗು ಕೀಬೋರ್ಡ್ ಕಲಿಯುತ್ತಿದ್ದರೆ ಕೀಬೋರ್ಡ್ ತನ್ನಿ. ಪಿಯಾನೊ ಕಲಿಯುತ್ತಿದ್ದರೆ ಪಿಯಾನೊ ಸ್ಪರ್ಶವಿರುವುದನ್ನೇ ತನ್ನಿ. ಯಾವುದನ್ನು ಕಲಿಸುತ್ತಿದ್ದಾರೆ ಎಂದು ಗುರುಗಳನ್ನು ಕೇಳುವುದು ಅಂಗಡಿಗೆ ಹೋಗುವುದಕ್ಕೆ ಮುಂಚಿನ ಕೆಲಸ.

ಹೆಚ್ಚಿನ ಮನೆಗಳಿಗೆ ಸರಿಹೊಂದುವುದು ಡಿಜಿಟಲ್ ಪಿಯಾನೊ. ಕೊಳ್ಳುವಾಗ ಕೇಳಬೇಕಾದದ್ದು ಒಂದೇ ಮುಖ್ಯ ಪ್ರಶ್ನೆ: ಕೀಗಳು ಹ್ಯಾಮರ್ ಆ್ಯಕ್ಷನ್ ಇರುವ ವೇಯ್ಟೆಡ್ ಕೀಗಳೇ? ಒಳಗೆ ತಂತಿ ಇಲ್ಲದಿದ್ದರೂ ಕೀ ಹಿಂದೆ ಒಂದು ನಿಜವಾದ ತೂಕ ಇರುತ್ತದೆ, ಮಂದ್ರದ ಕಡೆ ಹೆಚ್ಚು, ತಾರದ ಕಡೆ ಕಡಿಮೆ. ಅಂಗಡಿಯಲ್ಲಿ ‘ಟಚ್ ಸೆನ್ಸಿಟಿವ್’ ಎಂದರೆ ಸಾಲದು. ಒತ್ತಿದ ವೇಗಕ್ಕೆ ದನಿ ಏರಿಳಿಯುತ್ತದೆ ಎಂದಷ್ಟೇ ಅದರರ್ಥ. ಕೀ ಮಾತ್ರ ಸ್ಪ್ರಿಂಗಿನದೇ ಇರಬಹುದು. ಹೆಸರಾಂತ ಕಂಪನಿಗಳ ಸರಳ ಮಾದರಿಗಳು 40ರಿಂದ 60 ಸಾವಿರ ರೂಪಾಯಿ ಆಸುಪಾಸಿನಲ್ಲಿ ಸಿಗುತ್ತವೆ. ಎಷ್ಟು ವಾದ್ಯಗಳ ದನಿ, ಎಷ್ಟು ತಾಳಗಳು ಎಂಬ ಪಟ್ಟಿಯನ್ನು ಓದದೆ ಬಿಡಬಹುದು. ಒಂದು ಒಳ್ಳೆಯ ಪಿಯಾನೊ ದನಿ ಇದ್ದರೆ ಆಯಿತು. 88 ಕೀ ಇದ್ದರೆ ಒಳ್ಳೆಯದು, ಆದರೆ ಮೊದಲ ವರ್ಷದ ಪಾಠಗಳು ನಡುವಿನ ಕೆಲವು ಸ್ಥಾಯಿಗಳಲ್ಲೇ ಓಡಾಡುತ್ತವೆ. ಹಣ ಸಾಲದೆ ಏನನ್ನಾದರೂ ಬಿಡಲೇಬೇಕಾದರೆ ಕೀಗಳ ಸಂಖ್ಯೆಯನ್ನು ಬಿಡಿ, ತೂಕವನ್ನು ಬಿಡಬೇಡಿ. ಇನ್ನು ಸ್ಟ್ಯಾಂಡ್. ಕತ್ತರಿಯಂತೆ ಮಡಚುವ ಕಬ್ಬಿಣದ ಸ್ಟ್ಯಾಂಡ್ ಜೋರಾಗಿ ನುಡಿಸಿದಾಗಲೆಲ್ಲ ಅಲುಗುತ್ತದೆ, ಮೊಣಕಾಲಿಗೂ ಬಡಿಯುತ್ತದೆ. ಜೊತೆಗೆ ಕೊಡುವ ಚೌಕದ ಪ್ಲಾಸ್ಟಿಕ್ ಪೆಡಲ್ ಮೊಸಾಯಿಕ್ ನೆಲದ ಮೇಲೆ ಜಾರಿ ಜಾರಿ ಗೋಡೆ ಸೇರುತ್ತದೆ. ಮರದ ಸ್ಟ್ಯಾಂಡಿಗೂ ಗಟ್ಟಿ ಪೆಡಲಿಗೂ ಕೊಟ್ಟ ದುಡ್ಡು ದಂಡವಲ್ಲ.

ತಂತಿಯ ಪಿಯಾನೊ ಬೇಕೆನ್ನುವವರು ಇದ್ದಾರೆ, ಆ ಆಸೆ ನನಗೆ ಅರ್ಥವಾಗುತ್ತದೆ. ಮರದ ಸೌಂಡ್‌ಬೋರ್ಡ್ ಮೈದುಂಬಿ ಕಂಪಿಸುವುದನ್ನು ಸ್ಪೀಕರ್ ಪೂರ್ತಿಯಾಗಿ ಕೊಡಲಾರದು. ಆದರೆ ಹೊಸದೆಂದರೆ ಲಕ್ಷಗಳ ಮಾತು. ಹಾಗಾಗಿ ಹಲವರು ಹಳೆಯದಕ್ಕೆ ಹೋಗುತ್ತಾರೆ. ಬೆಂಗಳೂರು ದಂಡಿನ ಹಳೆಯ ಬಂಗಲೆಗಳಲ್ಲಿ, ಕಾನ್ವೆಂಟ್ ಶಾಲೆಗಳಲ್ಲಿ, ಚರ್ಚುಗಳಲ್ಲಿ ತಲೆಮಾರುಗಳಿಂದ ನಿಂತ ಅಪ್‌ರೈಟ್‌ಗಳಿವೆ. ಕೆಲವೊಮ್ಮೆ ಪುಕ್ಕಟೆಯಾಗಿಯೂ ಸಿಗುತ್ತವೆ. ಪುಕ್ಕಟೆ ಸಿಕ್ಕಿದ್ದಕ್ಕೇ ಹೆಚ್ಚು ಎಚ್ಚರ ಬೇಕು. ಇಂಥ ವಾದ್ಯದೊಳಗೆ ಸುಮಾರು 230 ತಂತಿಗಳು ಒಟ್ಟಾರೆ 15 ಟನ್ನಿಗೂ ಮೀರಿದ ಬಿಗಿಯಲ್ಲಿ ನಿಂತಿರುತ್ತವೆ. ಆ ತಂತಿಗಳನ್ನು ಸುತ್ತಿದ ಮೊಳೆಗಳು ಮರದ ಹಲಗೆಯಲ್ಲಿ ಸಡಿಲವಾಗಿದ್ದರೆ ಎಷ್ಟು ಸಲ ಶ್ರುತಿ ಮಾಡಿಸಿದರೂ ನಿಲ್ಲುವುದಿಲ್ಲ. ನುಸಿಗೆ ಸುತ್ತಿಗೆಯ ಉಣ್ಣೆ ಬಲು ಇಷ್ಟ. ಕರಾವಳಿಯ ತೇವಕ್ಕೆ ತಂತಿ ತುಕ್ಕು ಹಿಡಿಯುತ್ತದೆ, ಮಳೆಗಾಲದಲ್ಲಿ ಮರ ಉಬ್ಬಿ ಕೀಗಳು ಇಳಿದಲ್ಲೇ ಸಿಕ್ಕಿಕೊಳ್ಳುತ್ತವೆ. ಕೊಳ್ಳುವ ಮುನ್ನ ಎಡತುದಿಯಿಂದ ಬಲತುದಿಯವರೆಗೆ ಒಂದೊಂದೇ ಕೀ ಒತ್ತಿ ನೋಡಿ, ಮುಚ್ಚಳ ತೆಗೆದು ಸುತ್ತಿಗೆಗಳಲ್ಲಿ ತಂತಿ ಕೊರೆದ ಗೆರೆ ಎಷ್ಟು ಆಳವಾಗಿದೆ ನೋಡಿ. ಎಲ್ಲಕ್ಕಿಂತ ಮುಖ್ಯವಾಗಿ, ಟ್ಯೂನರ್ ಒಬ್ಬರಿಗೆ ಫೀಸು ಕೊಟ್ಟಾದರೂ ಜೊತೆಗೆ ಕರೆದೊಯ್ಯಿರಿ. ಬಳಿಕವೂ ವರ್ಷಕ್ಕೆರಡು ಸಲ ಅವರು ಮನೆಗೆ ಬರಬೇಕಾಗುತ್ತದೆ, ಆ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಟ್ಯೂನರ್ ಬಂದ ದಿನ ಮಗುವನ್ನು ಪಕ್ಕದಲ್ಲಿ ಕೂರಿಸಿ. ನಡುವಿನ ಮತ್ತು ಮೇಲಿನ ಸ್ವರಗಳಿಗೆ ಒಂದೊಂದಕ್ಕೂ ಮೂರು ತಂತಿ. ಅವರು ಫೆಲ್ಟ್ ಪಟ್ಟಿ ಸಿಕ್ಕಿಸಿ ಎರಡನ್ನು ಮೌನವಾಗಿಸಿ ಮೊದಲು ಒಂದನ್ನು ಸರಿಮಾಡುತ್ತಾರೆ. ಆಮೇಲೆ ಎರಡನೆಯದರ ಪಟ್ಟಿ ತೆಗೆದು ಎರಡನ್ನೂ ಕೂಡಿ ನುಡಿಸಿದಾಗ ದನಿಯಲ್ಲಿ ವಾಂವ್ ವಾಂವ್ ಎಂದು ಒಂದು ಅಲೆ ಏಳುತ್ತದೆ. ಕೈಯಲ್ಲಿರುವ ಕೀಲಿಯನ್ನು ಕೂದಲೆಳೆಯಷ್ಟು ತಿರುಗಿಸಿದಂತೆ ಆ ಅಲೆ ನಿಧಾನವಾಗುತ್ತ, ಉದ್ದವಾಗುತ್ತ ಹೋಗಿ, ಒಂದು ಹಂತದಲ್ಲಿ ನಿಂತೇಬಿಡುತ್ತದೆ. ಎರಡು ತಂತಿ ಒಂದಾಗಿವೆ. ತಂಬೂರಿ ಶ್ರುತಿ ಮಾಡುವುದನ್ನು ಕಂಡ ಮನೆಯ ಮಗುವಿಗೆ ಇದು ತಕ್ಷಣ ಹಿಡಿಸುತ್ತದೆ.

‘ಇದರಲ್ಲಿ ನಮ್ಮ ಸಂಗೀತ ಬರುತ್ತಾ?’ ಎಂದು ಹಿರಿಯರು ಕೇಳುವುದುಂಟು. ಗಮಕ ಬರುವುದಿಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ದಾರಿ ಪಿಯಾನೊದಲ್ಲಿ ಇಲ್ಲ, ಅದನ್ನು ಮುಚ್ಚಿಟ್ಟು ಹೇಳಬಾರದು. ಆದರೆ ಎರಡನ್ನೂ ಒಂದೇ ಮನಸ್ಸು ಹೊರಬಲ್ಲದು ಎಂಬುದಕ್ಕೆ ಮೈಸೂರೇ ಸಾಕ್ಷಿ. ಜಯಚಾಮರಾಜ ಒಡೆಯರ್ ಚಿಕ್ಕಂದಿನಿಂದ ಪಿಯಾನೊ ಕಲಿತವರು. ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯಾದ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್ ಇಳಿವಯಸ್ಸಿನಲ್ಲಿ ಜನರ ನೆನಪಿನಿಂದ ಮರೆಯಾಗಿದ್ದಾಗ, 1940ರ ದಶಕದ ಕೊನೆಯಲ್ಲಿ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಒದಗಿಸಿದವರು ಇದೇ ಮಹಾರಾಜರು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಾನ್ಚೆರ್ಟೊವನ್ನು ಅವರಿಗೆ ಅರ್ಪಿಸಿದರು. ಅದೇ ಒಡೆಯರು ಶ್ರೀವಿದ್ಯಾ ಅಂಕಿತದಲ್ಲಿ 94 ಕರ್ನಾಟಕ ಸಂಗೀತದ ಕೃತಿಗಳನ್ನು ರಚಿಸಿದರು. ಸಂಜೆ ಹಾಡಿನ ಕ್ಲಾಸು, ಶನಿವಾರ ಪಿಯಾನೊ ಕ್ಲಾಸು ಎಂದು ಓಡಾಡುವ ಮಕ್ಕಳನ್ನು ಕಂಡು ಗೊಂದಲವಾದೀತು ಎಂದು ಹೆದರುವವರು ಇದನ್ನು ನೆನೆದರೆ ಸಾಕು.

ಮಗು ನಿಜಕ್ಕೂ ಬಿಟ್ಟುಬಿಟ್ಟರೆ? ಬಿಡಲಿ. ಹ್ಯಾಮರ್ ಆ್ಯಕ್ಷನ್ ಇರುವ ಡಿಜಿಟಲ್ ಪಿಯಾನೊವನ್ನು ಸೆಕೆಂಡ್‌ಹ್ಯಾಂಡ್ ಕೇಳಿಕೊಂಡು ಬರುವವರು ಇದ್ದಾರೆ, ಒಳ್ಳೆಯ ಬೆಲೆಗೇ ಹೋಗುತ್ತದೆ. ದೊಡ್ಡ ಊರುಗಳಲ್ಲಿ ತಿಂಗಳ ಬಾಡಿಗೆಗೂ ಸಿಗುತ್ತದೆ. ಮೂಲೆ ಸೇರಿದ ಅಗ್ಗದ ಕೀಬೋರ್ಡನ್ನು ಯಾರೂ ಕೇಳುವುದಿಲ್ಲ.

ಮನೆಗೆ ಬಂದ ಮೇಲೆ ಕೂರುವ ಎತ್ತರವನ್ನು ನೋಡಿ. ಊಟದ ಮೇಜಿನ ಕುರ್ಚಿ ಮಗುವಿಗೆ ತಗ್ಗು, ಮೊಣಕೈ ಕೀಗಳ ಮಟ್ಟಕ್ಕೆ ಬರಬೇಕು. ಎತ್ತರಿಸಿದಾಗ ಕಾಲು ನೇತಾಡಿದರೆ ಕೆಳಗೆ ಒಂದು ಮಣೆ ಇಡಿ; ಕಾಲಿಗೆ ಆಸರೆ ಇಲ್ಲದೆ ಬೆರಳಿಗೆ ಬಲ ಬರುವುದಿಲ್ಲ. ವಾದ್ಯವನ್ನು ಮಲಗುವ ಕೋಣೆಯಲ್ಲಿ ಬಾಗಿಲ ಹಿಂದೆ ಇಡಬೇಡಿ. ಹಾಲಿನಲ್ಲಿರಲಿ, ಕಿಟಕಿಯ ಬಿಸಿಲು, ಎರಚಲು ತಾಗದ ಗೋಡೆಗೆ. ಡಿಜಿಟಲ್‌ಗೆ ಹೆಡ್‌ಫೋನ್ ಹಾಕಬಹುದು, ರಾತ್ರಿಯ ಹೊತ್ತಿಗೆ ಅದು ದೊಡ್ಡ ಉಪಕಾರ. ಆದರೆ ಸದಾ ಹೆಡ್‌ಫೋನ್‌ನಲ್ಲೇ ನುಡಿಸುವ ಮಗುವಿನ ಸಂಗೀತವನ್ನು ಮನೆಯವರು ಕೇಳುವುದು ಯಾವಾಗ? ಸಂಜೆ ಅರ್ಧ ಗಂಟೆ ಟಿವಿ ಆರಿಸಿ, ತಪ್ಪುತಪ್ಪಾಗಿ ಬರುವ ಅದೇ ನಾಲ್ಕು ಸಾಲು ಎಲ್ಲರ ಕಿವಿಗೂ ಬೀಳಲಿ. ಅಪಾರ್ಟ್‌ಮೆಂಟಾದರೆ ಪಕ್ಕದ ಮನೆಯವರಿಗೂ ಕೆಳಗಿನ ಮನೆಯವರಿಗೂ ಅಭ್ಯಾಸದ ಹೊತ್ತು ಯಾವುದೆಂದು ಮೊದಲೇ ಹೇಳಿಬನ್ನಿ. ಅವರ ಮನೆಯಲ್ಲಿ ಪರೀಕ್ಷೆಗೆ ಓದುವ ಮಕ್ಕಳಿದ್ದರೆ ಆ ಒಂದು ತಿಂಗಳು ಹೊತ್ತನ್ನು ಬದಲಿಸಿಕೊಳ್ಳಬಹುದು.